ಕುಟುಂಬ ಸಮೇತ ಕಾಫಿಗೆ

ಮನೆಯಲ್ಲೇ ಕಾಫಿ ಇರುವಾಗ ಹೋಟೆಲಿಗೆ ಯಾಕೆ ಹೋಗಬೇಕು? ಈ ಪ್ರಶ್ನೆಯನ್ನು ನಿಮ್ಮ ಮನೆಯ ಹಿರಿಯರು ಒಮ್ಮೆಯಾದರೂ ಕೇಳಿಯೇ ಇರುತ್ತಾರೆ. ನಮ್ಮ ಮನೆಯಲ್ಲೂ ಕೇಳುತ್ತಿದ್ದರು. ಡಬ್ಬಿಯಲ್ಲಿ ಪುಡಿ ಇದೆ, ಬೆಳಗ್ಗೆ ಕರೆದ ಹಾಲಿದೆ, ಬೆಲ್ಲವೋ ಸಕ್ಕರೆಯೋ ಇದೆ, ಒಲೆಯಲ್ಲಿ ಬೆಂಕಿ ಇದೆ. ಇಷ್ಟೆಲ್ಲ ಇದ್ದೂ ಪೇಟೆಗೆ ಹೋಗಿ, ಯಾರೋ ಕುಡಿದಿಟ್ಟ ಲೋಟದಲ್ಲಿ ಕುಡಿದು, ಮೇಲೆ ದುಡ್ಡನ್ನೂ ಕೊಟ್ಟು ಬರುವುದು ಯಾವ ಸಂಭ್ರಮ? ಲೆಕ್ಕ ಹಾಕಿ ನೋಡಿದರೆ ಹಿರಿಯರ ಮಾತು ಸರಿಯೇ. ಆದರೂ ನಾವು ಹೋಗುತ್ತೇವೆ. ಒಬ್ಬರೇ ಹೋಗುವುದು ಸಾಲದೆಂದು ಮನೆಯವರನ್ನೆಲ್ಲ ಕರೆದುಕೊಂಡು ಹೋಗುತ್ತೇವೆ.

ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ತುಮಕೂರಿನ ಒಂದು ಹೋಟೆಲಿನ ಪರದೆಯ ಹಿಂದೆ, ನನ್ನ ಒಂಬತ್ತನೆಯ ವಯಸ್ಸಿನಲ್ಲಿ. ಅದನ್ನು ಹೇಳುವ ಮುಂಚೆ, ಈ ಕಾಫಿ ಮತ್ತು ಈ ಹೋಟೆಲು ನಮ್ಮ ಊರುಗಳಿಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಅರೇಬಿಯದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು, ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂದು ಪ್ರತೀತಿ. ಇಂದು ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದೇ. ಆದರೆ ಪಕ್ಕದ ಬೆಟ್ಟದಲ್ಲಿ ಬೆಳೆಯುವುದೆಲ್ಲ ಬಯಲಿನವರ ಬಾಯಿಗೆ ಆಗಲೇ ಬರುತ್ತದೆಂದೇನೂ ಇಲ್ಲ. ನಮ್ಮ ಗುಬ್ಬಿ, ಕುಣಿಗಲುಗಳ ಹಳ್ಳಿಯವರಿಗೆ ಬೆಳಗಿನ ಹೊಟ್ಟೆಗೆ ರಾಗಿಯ ಅಂಬಲಿ, ಇಲ್ಲವೆ ನೀರು ಮಜ್ಜಿಗೆ. ನಮ್ಮ ಮನೆಗೆ ಕಾಫಿ ಬಂದದ್ದು ಬೆಟ್ಟದಿಂದಲ್ಲ, ಪೇಟೆಯಿಂದ. ಅಜ್ಜ ಪೇಟೆಯ ಹೋಟೆಲಿನಲ್ಲಿ ರುಚಿ ಕಂಡು, ಪುಡಿ ಕಟ್ಟಿಸಿಕೊಂಡು ಬಂದಿದ್ದರು. ಬಹಳ ಮನೆಗಳ ಕಥೆ ಹೀಗೆಯೇ ಇರಬೇಕು.

ಇನ್ನು ಹೋಟೆಲು. ನಮ್ಮ ಕಡೆ ಹೋಟೆಲು ಎಂದರೆ ಉಡುಪಿ ಹೋಟೆಲು ಎಂದೇ ಅರ್ಥ. ಉಡುಪಿ, ಕುಂದಾಪುರದ ಕಡೆಯಿಂದ ಅಡಿಗೆ ಬಲ್ಲವರು ಘಟ್ಟ ಹತ್ತಿ ಬಂದರು. ಮಠದ ಪಾಕಶಾಲೆಯಲ್ಲಿ ಸೌಟು ಹಿಡಿದು ಕಲಿತವರು ಕೆಲವರು; ಹೊಲದ ಫಲ ಸಾಲದೆ ಮನೆ ಬಿಟ್ಟ ಹುಡುಗರು ಹಲವರು. ಮೊದಲು ಯಾರದೋ ಮನೆಯಲ್ಲಿ ಅಡಿಗೆ, ಆಮೇಲೆ ಒಂದು ಚಿಕ್ಕ ಕೋಣೆ, ನಾಲ್ಕು ಬೆಂಚು, ಒಂದು ಗಲ್ಲಾ. ಬೆಂಗಳೂರಿನಲ್ಲಿ ಪರಂಪಳ್ಳಿಯ ಮೈಯ ಸೋದರರು 1924ರಲ್ಲಿ ತೆರೆದ ಹೋಟೆಲನ್ನು ಇದಕ್ಕೆ ಉದಾಹರಣೆಯಾಗಿ ಹೇಳಬಹುದು. ಇಂದು ಅದನ್ನು ಎಲ್ಲರೂ ಎಂ.ಟಿ.ಆರ್. ಎಂದು ಬಲ್ಲರು. ಆದರೆ ಮೊದಲಿಗೆ ಅದಕ್ಕಿದ್ದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಇದರ ವಿಷಯ ಬರುತ್ತದೆ.

ಇಂಥ ಕಥೆ ನಮ್ಮಲ್ಲಿ ಮಾತ್ರ ನಡೆಯಿತೆಂದು ತಿಳಿಯಬೇಡಿ. ಚೀನಾ ದೇಶದ ದಕ್ಷಿಣದ ತುದಿಯಲ್ಲಿ ಹೈನಾನ್ ಎಂಬ ದ್ವೀಪವಿದೆ. ಅಲ್ಲಿಯ ಜನ ಹೊಟ್ಟೆಪಾಡಿಗಾಗಿ ಮಲಯಕ್ಕೂ ಸಿಂಗಪುರಕ್ಕೂ ಹಡಗು ಹತ್ತಿದರು. ಅವರು ಹೋಗುವ ವೇಳೆಗೆ ಚೀನಾದ ಬೇರೆ ಪ್ರಾಂತ್ಯಗಳವರು ಮುಂಚೆಯೇ ಬಂದು ಒಳ್ಳೆಯ ವ್ಯಾಪಾರಗಳನ್ನೆಲ್ಲ ಹಿಡಿದುಬಿಟ್ಟಿದ್ದರು. ತಡವಾಗಿ ಬಂದವರಿಗೆ ಉಳಿದದ್ದು ಇಂಗ್ಲಿಷರ ಬಂಗಲೆಗಳಲ್ಲಿ, ಹಡಗುಗಳಲ್ಲಿ ಅಡಿಗೆಯ ಕೆಲಸ. ಅಲ್ಲಿ ಕಾಫಿ ಕಾಸುವುದನ್ನೂ ರೊಟ್ಟಿ ಸುಡುವುದನ್ನೂ ಕಲಿತು, ಮುಂದೆ ತಮ್ಮದೇ ಅಂಗಡಿಗಳನ್ನು ತೆರೆದರು. ಕಾಫಿ ಬೀಜವನ್ನು ಸಕ್ಕರೆ, ಬೆಣ್ಣೆಗಳೊಡನೆ ಕಪ್ಪಾಗುವಂತೆ ಹುರಿದು, ಉದ್ದನೆಯ ಕಾಲುಚೀಲದಂಥ ಬಟ್ಟೆಯಲ್ಲಿ ಸೋಸಿ, ಡಬ್ಬಿಯ ಗಟ್ಟಿ ಹಾಲು ಬೆರೆಸಿ ಕೊಡುವುದು ಅವರ ಪದ್ಧತಿ. ಜೊತೆಗೆ ಸುಟ್ಟ ರೊಟ್ಟಿ. ಅದರ ಮೇಲೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ ಕಾಸಿದ ಲೇಹದಂಥ ಪಾಕ. ತೆಂಗಿನಕಾಯಿ ನಮ್ಮಲ್ಲಿ ಚಟ್ನಿಯಾಗಿ ಕಾಫಿಯ ಪಕ್ಕಕ್ಕೆ ಬಂದರೆ ಅಲ್ಲಿ ಸಿಹಿಯಾಗಿ ಬಂದಿತು, ಇಷ್ಟೇ ವ್ಯತ್ಯಾಸ. ಪರರ ಅಡಿಗೆಮನೆಯಲ್ಲಿ ದುಡಿದವನು ತನ್ನದೇ ಅಂಗಡಿಯ ಗಲ್ಲಾದ ಮುಂದೆ ಕುಳಿತದ್ದು ಎರಡು ಕಡೆಯೂ ಒಂದೇ.

ನಮ್ಮ ಹೋಟೆಲಿನ ಕಾಫಿಯ ರಹಸ್ಯವೇನೆಂದು ಗೃಹಿಣಿಯರು ಕೇಳುವುದುಂಟು. ಹೇಳಿಬಿಡುತ್ತೇನೆ. ಮೊದಲನೆಯದಾಗಿ ಪುಡಿ ಹೊಸದಾಗಿರಬೇಕು. ಹುರಿದ ಬೀಜ ಪುಡಿಯಾದ ಕ್ಷಣದಿಂದ ಅದರ ಪರಿಮಳ ಗಾಳಿಗೆ ಹಾರತೊಡಗುತ್ತದೆ. ಹೋಟೆಲಿನಲ್ಲಿ ಪುಡಿ ದಿನದಿನವೂ ಖರ್ಚಾಗುವುದರಿಂದ ಅದು ಹಳತಾಗುವ ಹಾಗೆಯೇ ಇಲ್ಲ. ಎರಡನೆಯದು ಚಿಕೋರಿ. ಇದೊಂದು ನೀಲಿ ಹೂವಿನ ಗಿಡದ ಬೇರು. ಇದನ್ನು ಹುರಿದು ಪುಡಿಮಾಡಿ ಸೇರಿಸಿದರೆ ಡಿಕಾಕ್ಷನ್ನು ದಪ್ಪಗೆ, ಕಡುಬಣ್ಣಕ್ಕೆ ಇಳಿಯುತ್ತದೆ. ಹಾಲು ಹೆಚ್ಚಾಗಿ ಬೆರೆಸಿದರೂ ರುಚಿ ತಗ್ಗುವುದಿಲ್ಲ. ಮಿತಿ ಮೀರಿದರೆ ಮಾತ್ರ ಕಾಫಿಯ ಹೆಸರಿನಲ್ಲಿ ಬೇರಿನ ಕಷಾಯ ಕುಡಿದಂತಾಗುತ್ತದೆ. ಮೂರನೆಯದು, ಇಳಿದ ಡಿಕಾಕ್ಷನ್ನನ್ನು ಅವರು ಮತ್ತೆ ಒಲೆಯ ಮೇಲಿಟ್ಟು ಕುದಿಸುವುದಿಲ್ಲ. ಕುದಿಯುವ ಹಾಲನ್ನು ಅದಕ್ಕೆ ಸುರಿಯುತ್ತಾರೆ. ಮನೆಯಲ್ಲಿ ನಾವು ತಡವಾಗಿ ಎದ್ದವರಿಗೆಂದು ಉಳಿದ ಕಾಫಿಯನ್ನೇ ಮತ್ತೆ ಮತ್ತೆ ಬಿಸಿಮಾಡುತ್ತೇವೆ. ಹೀಗೆ ಬಿಸಿಮಾಡಿದ ಕಾಫಿಯ ಕೊನೆಯ ಲೋಟ ಯಾರ ಪಾಲಿಗೆ ಬರುತ್ತದೆ, ಸ್ವಲ್ಪ ಯೋಚಿಸಿ ನೋಡಿ. ಅದನ್ನು ಮಾಡಿದವಳ ಪಾಲಿಗೇ!

ಈಗ ನನ್ನ ಕಥೆಗೆ ಬರುತ್ತೇನೆ. 1964ನೆಯ ಇಸವಿ. ನಮ್ಮದು ಗುಬ್ಬಿಯ ಹತ್ತಿರದ ಹಳ್ಳಿ. ಸ್ವಲ್ಪ ತೆಂಗಿನ ತೋಟ. ತುಮಕೂರಿನ ಮಂಡಿಗೆ ಕಾಯಿ ತುಂಬಿದ ಗಾಡಿ ಹಿಂದಿನ ರಾತ್ರಿಯೇ ಹೊರಟಿತ್ತು. ಬೆಳಗಿನ ಬಸ್ಸಿಗೆ ಅಪ್ಪ, ಅಮ್ಮ, ನಾನು ಹೋದೆವು. ಅಮ್ಮನ ಕಣ್ಣಿಗೆ ಕನ್ನಡಕ ಹಾಕಿಸಬೇಕಾಗಿತ್ತು. ಕಣ್ಣಿನ ಕೆಲಸ ಮುಗಿದು, ಮಂಡಿಯ ಲೆಕ್ಕವೂ ಮುಗಿದ ಮೇಲೆ ಅಪ್ಪ ಇದ್ದಕ್ಕಿದ್ದಂತೆ, "ನಡಿ, ಒಂದು ಕಾಫಿ ಕುಡಿದು ಹೋಗೋಣ" ಎಂದರು. ಅಮ್ಮ ನಂಬಲಿಲ್ಲ. ಅವರು ಅದುವರೆಗೂ ಹೋಟೆಲಿನ ಹೊಸಿಲು ತುಳಿದವರಲ್ಲ.

ಒಳಗೆ ಹೋದರೆ ದೊಡ್ಡ ಕೋಣೆ. ಕಲ್ಲು ಹಾಸಿದ ಮೇಜುಗಳು, ಗೋಡೆಗೆ ಕನ್ನಡಿ, ಕುರ್ಚಿಗಳ ತುಂಬ ಗಂಡಸರು. ಅಮ್ಮ ಸೆರಗು ಎಳೆದುಕೊಂಡು ಬಾಗಿಲಲ್ಲೇ ನಿಂತರು. ಗಲ್ಲಾದ ಮೇಲಿದ್ದ ಯಜಮಾನರು ಮಾಣಿಗೆ ಕೈಸನ್ನೆ ಮಾಡಿದರು. ಅವನು ನಮ್ಮನ್ನು ಪಕ್ಕದ ಇಕ್ಕಟ್ಟಾದ ಕೋಣೆಗೆ ಕರೆದೊಯ್ದ. ಬಾಗಿಲಿಗೆ ಹಸಿರು ಪರದೆ; ಮೇಲೆ 'ಫ್ಯಾಮಿಲಿ ರೂಂ' ಎಂಬ ಹಲಗೆ. ನಿಮ್ಮಲ್ಲಿ ವಯಸ್ಸಾದವರಿಗೆ ಈ ಕೋಣೆಯ ನೆನಪಿರಬಹುದು. ಹೆಂಗಸರು ಹೋಟೆಲಿಗೆ ಬರುವುದೇ ಮರ್ಯಾದೆಯಲ್ಲ ಎನ್ನುತ್ತಿದ್ದ ಕಾಲದಲ್ಲಿ ಆ ಪರದೆ ಒಂದು ರಾಜಿ. ಅದನ್ನು ನೋಡಿ ಇಂದು ನಗುವವರು, ಅದು ಎಷ್ಟೋ ತಾಯಂದಿರಿಗೆ ತೆರೆದ ಮೊದಲ ಬಾಗಿಲೆಂಬುದನ್ನು ಮರೆಯಬಾರದು.

ಮಾಣಿ ಒಂದೇ ಉಸಿರಿನಲ್ಲಿ ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಭಾತು, ಖಾಲಿ ದೋಸೆ, ಮಸಾಲೆ ಎಂದು ಒಪ್ಪಿಸಿದ. ನನಗೆ ಕೇಸರಿಭಾತು ಬಂದಿತು. ಅಮ್ಮ, "ನನಗೆ ಕಾಫಿ ಒಂದೇ ಸಾಕು" ಎಂದರು. ಬಂದ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ, ಲೋಟಕ್ಕೆ ಹಾರಿಸಿ, ತುಟಿಗೆ ಸೋಕಿಸದೆ ಎತ್ತಿ ಒಂದು ಗುಟುಕು ಕುಡಿದರು. ಆಮೇಲೆ ಅವರು ಆಡಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ: "ಇನ್ನೊಬ್ಬರು ಮಾಡಿಕೊಟ್ಟದ್ದನ್ನ ಕೂತು ಕುಡಿಯೋದು ಅಂದ್ರೆ ಹೀಗಿರುತ್ತಾ!" ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ಅವರ ಕೈಗೆ ಯಾರೂ ಬಿಸಿಬಿಸಿ ಕಾಫಿ ತಂದುಕೊಟ್ಟಿರಲಿಲ್ಲವೆಂದು ನಮಗೆ ಆಗಲೇ ಹೊಳೆದದ್ದು. ಮನೆಯಲ್ಲಿ ಕಾಫಿ ಇರುವಾಗ ಹೋಟೆಲಿಗೆ ಯಾಕೆ ಎಂಬ ಪ್ರಶ್ನೆಗೆ ಇದೇ ನನ್ನ ಉತ್ತರ.

ಆದರೆ ಉತ್ತರ ಅಲ್ಲಿಗೇ ಮುಗಿಯಲಿಲ್ಲ. ಆ ಕೋಣೆಗೆ ಹಿತ್ತಿಲ ಕಡೆ ಒಂದು ಸಣ್ಣ ಕಿಟಕಿ ಇತ್ತು. ಅಮ್ಮ ಹೊಸ ಕನ್ನಡಕದಲ್ಲಿ ಅತ್ತ ನೋಡಿದರು. ನಾನೂ ನೋಡಿದೆ. ನಮ್ಮ ಗಾಡಿ ಹೊಡೆದುಕೊಂಡು ಬಂದಿದ್ದವರು ಅಲ್ಲಿ ಗೋಡೆಯ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಊರು ದೂರವಿಟ್ಟಿದ್ದ ಕೇರಿಯವರು ಅವರು. ವಯಸ್ಸಿನಲ್ಲಿ ನಮ್ಮ ಅಪ್ಪನಿಗಿಂತ ಹಿರಿಯರು. ಆದರೂ ಮನೆಯ ಹುಡುಗರು ಸಹ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಗೋಡೆಯ ಗೂಡಿನಲ್ಲಿ ಒಂದು ಗಾಜಿನ ಲೋಟ ಬೇರೆಯಾಗಿಯೇ ಇತ್ತು. ಅವರು ಅದನ್ನು ತೆಗೆದು ಕೆಳಗಿಟ್ಟರು. ಮಾಣಿ ಮೇಲಿನಿಂದ ಕಾಫಿ ಸುರಿದ. ಕುಡಿದಾದ ಮೇಲೆ ಅವರೇ ತೊಳೆದು, ಲೋಟವನ್ನು ಗೂಡಿನಲ್ಲಿ ಬೋರಲು ಹಾಕಿ, ಕಾಸನ್ನು ಕಟ್ಟೆಯ ಮೇಲಿಟ್ಟರು. ಕಾಸನ್ನು ಮಾತ್ರ ಯಾರೂ ತೊಳೆಯಲಿಲ್ಲ.

ಅಮ್ಮನ ಲೋಟದಲ್ಲಿ ಅರ್ಧ ಕಾಫಿ ಹಾಗೆಯೇ ಉಳಿಯಿತು. ಅಪ್ಪ, "ಯಾಕೆ, ಚೆನ್ನಾಗಿಲ್ವೇ?" ಎಂದರು.

"ಚೆನ್ನಾಗೇ ಇದೆ. ಅಲ್ಲಾ, ನಾವು ಪರದೆ ಒಳಗೆ, ಅವನು ಗೋಡೆ ಆಚೆ. ನಡುವೆ ಅಷ್ಟು ದೊಡ್ಡ ಜಾಗ ಇದೆಯಲ್ಲ, ಅದು ಯಾರಿಗೆ?"

ಅಪ್ಪ, "ಸುಮ್ನೆ ಕುಡಿ, ಬಸ್ಸಿಗೆ ಹೊತ್ತಾಯ್ತು" ಎಂದುಬಿಟ್ಟರು.

ಹೋಟೆಲಿನವರನ್ನು ದೂರಿ ನಾವು ಒಳ್ಳೆಯವರಾಗಲು ಹೊರಟರೆ ಅದು ಸುಳ್ಳಾದೀತು. ನಮ್ಮ ಮನೆಯಲ್ಲೂ ಅವರಿಗೆ ಮಜ್ಜಿಗೆ ಕೊಡುತ್ತಿದ್ದದ್ದು ಕೊಟ್ಟಿಗೆಯ ಹತ್ತಿರ, ತೆಂಗಿನ ಚಿಪ್ಪಿನಲ್ಲಿ. ಕೊಡುತ್ತಿದ್ದವರು ಅಮ್ಮನೇ. ಆ ವಾರವೇ ಅಮ್ಮ ಚಿಪ್ಪನ್ನು ಒಲೆಗೆ ಹಾಕಿ, ಮನೆಯ ಲೋಟದಲ್ಲಿ ಕಾಫಿ ತಂದು, ಜಗಲಿಯ ಮೇಲೆ ಕೂರಲು ಹೇಳಿದರು. ಅವರು ಕುಳಿತದ್ದು ಜಗಲಿಯ ಅಂಚಿನಲ್ಲಿ. ಕುಡಿದ ಲೋಟವನ್ನು ಅಮ್ಮ ಬೇಡವೆಂದರೂ ತಾವೇ ತೊಳೆದಿಟ್ಟರು. ಬಹಳ ವರ್ಷ ಹಾಗೆಯೇ ತೊಳೆಯುತ್ತಿದ್ದರು. ಒಂದು ಲೋಟ ಬದಲಾಯಿಸುವುದು ಒಂದು ದಿನದ ಕೆಲಸ. ಅಭ್ಯಾಸ ಬದಲಾಯಿಸುವುದು ಒಂದು ತಲೆಮಾರಿನ ಕೆಲಸ.

ಕಾನೂನು ಆ ಹೊತ್ತಿಗಾಗಲೇ ಬಂದಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿ, ಧರ್ಮ, ಲಿಂಗಗಳ ಕಾರಣದಿಂದ ಅಲ್ಲಿಗೆ ಯಾರಿಗೂ ಪ್ರವೇಶ ನಿರಾಕರಿಸಕೂಡದೆಂದು ಹೇಳಿದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ರಾಷ್ಟ್ರದ ಹಿರಿಯರು ಸಂವಿಧಾನ ಬರೆಯುವಾಗ ಕಾಫಿ ಹೋಟೆಲಿನ ಮಟ್ಟಕ್ಕೆ ಇಳಿದು ಯೋಚಿಸಿದ್ದಾರೆಂದರೆ, ಒಂದು ಊರಿನ ನಡತೆ ಗೊತ್ತಾಗುವುದೇ ಇಂಥ ಕಡೆ ಎಂದು ಅವರಿಗೆ ತಿಳಿದಿತ್ತೆಂದು ಅರ್ಥ. ಕಾಲಕ್ರಮದಲ್ಲಿ ಹಲಗೆಗಳ ಮೇಲಿನ ಜಾತಿಯ ಹೆಸರುಗಳು ಒಂದೊಂದಾಗಿ ಅಳಿಸಿದವು. ನಾನು ಮೊದಲೇ ಹೇಳಿದ ಬೆಂಗಳೂರಿನ ಹೋಟೆಲು 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಆದರೂ ಬೇರೆ ಲೋಟದ ಪದ್ಧತಿ ಪೂರ್ತಿ ಸತ್ತಿಲ್ಲ. ಕೆಲವು ಹಳ್ಳಿಗಳಿಂದ ಅಂಥ ಸುದ್ದಿ ಇಂದಿಗೂ ಪತ್ರಿಕೆಗಳಿಗೆ ಬರುತ್ತದೆ.

ಮೊನ್ನೆ ಒಂದು ಭಾನುವಾರ ನಾವು ಮನೆಮಂದಿಯೆಲ್ಲ ಹೊರಟೆವು. ನಾನು, ನನ್ನಾಕೆ, ಮಗಳು, ಮೊಮ್ಮಗಳು. ಬೆಳಗಿನ ತಿಂಡಿಗೆ ಕ್ಯಾತ್ಸಂದ್ರ. ತುಮಕೂರಿಗೆ ಬಂದವರು ಅಲ್ಲಿಯ ತಟ್ಟೆ ಇಡ್ಲಿ ತಿನ್ನದೆ ಹೋಗಬಾರದು. ಸಾಮಾನ್ಯ ಇಡ್ಲಿಯ ಗುಳಿಯಲ್ಲಿ ಬೇಯದೆ, ಅಗಲವಾದ ತಟ್ಟೆಯಲ್ಲಿ ಬೆಂದು, ತಟ್ಟೆಯಷ್ಟೇ ಅಗಲವಾಗಿ ಎಲೆಗೆ ಇಳಿಯುತ್ತದೆ. ಮೇಲೆ ಕರಗುತ್ತಿರುವ ಬೆಣ್ಣೆಯ ಉಂಡೆ. ಒಬ್ಬರಿಗೆ ಎರಡು ಇಡ್ಲಿ ಹೆಚ್ಚಾಗುತ್ತದೆ, ಒಂದು ಸಾಲದು, ಆದ್ದರಿಂದ ಹಂಚಿಕೊಳ್ಳಲೇಬೇಕು. ಅಲ್ಲಿಂದ ಸಮೀಪದಲ್ಲೇ ಸಿದ್ಧಗಂಗಾ ಮಠ. 1907ರಿಂದ 2019ರವರೆಗೆ ಬಾಳಿದ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಬಡ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿದ ಸ್ಥಳ. ಮಠ ದಾಸೋಹದಿಂದ ಕಲಿಸಿದ ಪಾಠವನ್ನು ಹೋಟೆಲು ಕಾಸು ತೆಗೆದುಕೊಂಡು, ಬಹಳ ನಿಧಾನವಾಗಿ ಕಲಿಯಿತು.

ಅಲ್ಲಿಂದ ಗುಬ್ಬಿಗೆ. ಗುಬ್ಬಿ ಎಂದ ಕೂಡಲೇ ನಾಟಕದ ಕಂಪನಿ ನೆನಪಾಗುತ್ತದೆ. 1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಕಂಪನಿ. ಸ್ತ್ರೀಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ಬಿ. ಜಯಮ್ಮನವರಂಥ ಕಲಾವಿದೆಯರು ಅಲ್ಲಿ ರಂಗದ ಮೇಲೆ ನಿಂತರು. ಆಗಲೂ, ಮರ್ಯಾದಸ್ಥ ಹೆಂಗಸರು ಹಾಗೆ ಮಾಡುವುದುಂಟೇ ಎಂದು ಕೇಳಿದವರಿದ್ದರು. ಹೋಟೆಲಿನ ಬಾಗಿಲಲ್ಲಿ ನಿಂತ ನನ್ನ ಅಮ್ಮನಿಗೆ ಅಂಜಿಕೆಯಾದದ್ದೂ ಇದೇ ಪ್ರಶ್ನೆಗೆ. ಚನ್ನಬಸವೇಶ್ವರನ ದರ್ಶನ ಮಾಡಿ, ಹತ್ತಿರದ ಒಂದು ಹಳೆಯ ಹೋಟೆಲಿಗೆ ಹೋದೆವು. ಒಂದು ಬಾಗಿಲ ಮೇಲೆ ಬಣ್ಣ ಹೋದ 'ಫ್ಯಾಮಿಲಿ ರೂಂ' ಹಲಗೆ ಇನ್ನೂ ಇತ್ತು. ಮೊಮ್ಮಗಳು ಇಣುಕಿ ನೋಡಿದಳು. ಒಳಗೆ ಅಕ್ಕಿಯ ಮೂಟೆ, ಖಾಲಿ ಗ್ಯಾಸ್ ಸಿಲಿಂಡರು.

"ತಾತ, ಫ್ಯಾಮಿಲಿ ರೂಂ ಅಂದ್ರೆ ಏನು? ನಾವು ಫ್ಯಾಮಿಲಿ ಅಲ್ವಾ, ಇಲ್ಲಿ ಹೊರಗೇ ಕೂತಿದ್ದೀವಲ್ಲ?" ಎಂದಳು. ನಾನು ಏನು ಹೇಳಬೇಕೆಂದು ಯೋಚಿಸುತ್ತಿರುವಾಗ ನನ್ನಾಕೆಯೇ, "ಹಿಂದೆ ಹೊರಗೆ ಜಾಗ ಇರಲಿಲ್ಲ ಮಗಳೇ" ಎಂದಳು. ಜಾಗವೇನೋ ಅಂದೂ ಇಷ್ಟೇ ಇತ್ತು.

ಸಂಜೆ ಕುಣಿಗಲಿನಲ್ಲಿ ಮಗಳನ್ನೂ ಮೊಮ್ಮಗಳನ್ನೂ ಹಾಸನದ ಬಸ್ಸಿಗೆ ಹತ್ತಿಸಬೇಕಾಗಿತ್ತು. ಕುಣಿಗಲೆಂದರೆ ಹೊರಗಿನವರಿಗೆ ಟಿಪ್ಪುವಿನ ಕಾಲದ ನಂಟಿರುವ ಕುದುರೆಯ ಫಾರಂ, ದೊಡ್ಡ ಕೆರೆ ನೆನಪಾಗುತ್ತವೆ. ನನಗೆ ನೆನಪಾಗುವುದು ರಸ್ತೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಹೆದ್ದಾರಿ ಇಲ್ಲೇ ಹಾಯುತ್ತದೆ. ಕರಾವಳಿಯ ಎಷ್ಟು ಹುಡುಗರು ಒಂದು ಚೀಲ ಹಿಡಿದು ಈ ದಾರಿಯಲ್ಲಿ ಹೋಗಿ ಹೋಟೆಲಿನ ಯಜಮಾನರಾದರೋ!

ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಟೆಲಿನಲ್ಲಿ ಜನವೋ ಜನ. ಒಂದು ಮೇಜಿನಲ್ಲಿ ಹೂವು ಮಾರುವ ಮುದುಕಿಯೊಬ್ಬರು ಖಾಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕುಳಿತಿದ್ದರು. "ಬನ್ನಿ ತಾಯಿ, ಕೂತ್ಕಳಿ, ಜಾಗ ಐತೆ" ಎಂದು ಸರಿದರು. ನಾವು ನಾಲ್ವರೂ ಅಲ್ಲೇ ಕುಳಿತೆವು. ಮಗಳು, "ಎರಡು ಬೈ-ಟೂ ಕಾಫಿ" ಎಂದು ಕೂಗಿದಳು. ಬೈ-ಟೂ ಎಂಬ ಮಾತನ್ನು ನಮ್ಮವರು ಎಷ್ಟು ಚೆನ್ನಾಗಿ ಕನ್ನಡದ್ದನ್ನಾಗಿ ಮಾಡಿಕೊಂಡಿದ್ದಾರೆ! ಒಂದು ಕಾಫಿ, ಎರಡು ಲೋಟ. ಮೊದಲಿಗೆ ಅದು ಕಾಸಿನ ಉಳಿತಾಯವಿರಬಹುದು. ಈಗ ಅದೊಂದು ಸ್ನೇಹದ ರೀತಿ. ಮೊಮ್ಮಗಳು ತನ್ನ ಪಾಲಿನ ಲೋಟವನ್ನು ಆ ಮುದುಕಿಯ ಕಡೆಗೆ ಸರಿಸಿ, "ಅಜ್ಜಿ, ನಾನು ಹಾಲು ಕುಡೀತೀನಿ, ಇದು ನೀವು ತಗೊಳ್ಳಿ" ಎಂದಳು. ಆಕೆ ನಕ್ಕು, ತಮ್ಮದು ಆಯಿತೆಂದರು, ಆದರೂ ತೆಗೆದುಕೊಂಡರು. ಅವರ ಜಾತಿ ಯಾವುದೆಂದು ನಾವು ಕೇಳಲಿಲ್ಲ, ನಮ್ಮದನ್ನು ಅವರೂ ಕೇಳಲಿಲ್ಲ. ಎದ್ದು ಹೋದ ಮೇಲೆ ಹುಡುಗ ಬಂದು ಐದೂ ಲೋಟಗಳನ್ನು ಒಂದೇ ತಟ್ಟೆಯಲ್ಲಿ ಪೇರಿಸಿಕೊಂಡು ಹೋದ.

ಅಮ್ಮ ಹೋಗಿ ಹದಿನೈದು ವರ್ಷಗಳಾದವು. ಅಪ್ಪ ಅಂದು ಉತ್ತರಿಸದೆ ಬಿಟ್ಟ ಪ್ರಶ್ನೆಗೆ, ಇಷ್ಟು ಕಾಲದ ಮೇಲೆ, ಕುಣಿಗಲಿನ ಆ ಮೇಜಿನಲ್ಲಿ ನನಗೆ ಅರ್ಧ ಉತ್ತರ ಸಿಕ್ಕಿತು. ಪೂರ್ತಿ ಉತ್ತರ ಸಿಕ್ಕಬೇಕಾದರೆ ಹಳ್ಳಿಯ ಆ ಬೇರೆ ಲೋಟಗಳೂ ಹೋಗಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಬರುವ ಭಾನುವಾರ ಮನೆಯಲ್ಲಿ ಕಾಫಿ ಮಾಡುವವರನ್ನು ಕರೆದುಕೊಂಡು ಹತ್ತಿರದ ಹೋಟೆಲಿಗೆ ಹೋಗಿ. ಮೂಲೆಯ ಮೇಜನ್ನು ಹುಡುಕದೆ ನಡುವಿನಲ್ಲಿ ಕುಳಿತುಕೊಳ್ಳಿ. ಯಾರಾದರೂ ಜಾಗ ಹುಡುಕುತ್ತ ನಿಂತಿದ್ದರೆ ಸ್ವಲ್ಪ ಸರಿದು ಕರೆಯಿರಿ. ಮೊದಲ ಲೋಟ ಮನೆಯಾಕೆಯ ಮುಂದೆ ಬರಲಿ. ಮಾರನೆಯ ಬೆಳಗ್ಗೆ ಮಾತ್ರ ಹೋಟೆಲಿನ ಖರ್ಚು ಬೇಡ. ನೀವೇ ಎದ್ದು ಕಾಫಿ ಮಾಡಿ ಅವರಿಗೆ ತಂದುಕೊಡಿ. ಡಿಕಾಕ್ಷನ್ನನ್ನು ಮತ್ತೆ ಕುದಿಸಬಾರದೆಂಬುದು ಮಾತ್ರ ನೆನಪಿರಲಿ.